ಕಾರಣ ಕೇಳಿದವರು: ಪಶ್ಚಿಮದ ನೀತಿ ಚಿಂತಕರ ಪರಿಚಯ

(ನಮ್ಮೂರಿನ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿ ಎರಡು ಬಗೆಯ ಕೇಳುಗರಿದ್ದೀರಿ. ಮುಂದಿನ ಸಾಲುಗಳಲ್ಲಿ ದಿನವೂ ಪತ್ರಿಕೆ ಓದಲು ಬರುವ ಹಿರಿಯರಿದ್ದೀರಿ. ಹಿಂದೆ ನೋಟ್‌ಬುಕ್ ಹಿಡಿದು ಕೂತಿರುವ ನೀವೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 2013ರಿಂದ ನೀತಿಶಾಸ್ತ್ರಕ್ಕೇ ಒಂದು ಪತ್ರಿಕೆ ಇದೆ, 250 ಅಂಕದ್ದು. ಭಾರತದ ಮತ್ತು ಜಗತ್ತಿನ ನೀತಿ ಚಿಂತಕರ ಕೊಡುಗೆ ಎಂದು ಅದರ ಪಠ್ಯಕ್ರಮದಲ್ಲೇ ಬರೆದಿದೆ. ಹಾಗಾಗಿ ಸಾಕ್ರಟೀಸ್, ಕಾಂಟ್, ಮಿಲ್ ಈಗ ನಮ್ಮ ತಾಲ್ಲೂಕು ಊರುಗಳ ಕೋಚಿಂಗ್ ನೋಟ್ಸ್‌ಗಳಿಗೂ ಬಂದಿದ್ದಾರೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು: ಕಾಂಟ್ ಎಂದರೆ ಕರ್ತವ್ಯ, ಬೆಂಥಮ್ ಎಂದರೆ ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ, ಅರಿಸ್ಟಾಟಲ್ ಎಂದರೆ ಮಧ್ಯಮ ಮಾರ್ಗ.

ಆ ಸಾಲುಗಳಲ್ಲಿ ತಪ್ಪಿಲ್ಲ. ಆದರೆ ಅಷ್ಟನ್ನೇ ಬಾಯಿಪಾಠ ಮಾಡಿದರೆ, ಈ ಮನುಷ್ಯರು ಯಾವ ಇಕ್ಕಟ್ಟಿನಲ್ಲಿ ನಿಂತು ಆ ಮಾತು ಆಡಿದರು ಎನ್ನುವುದು ಕಾಣುವುದೇ ಇಲ್ಲ. ನನಗೆ ಬೆಲೆಬಾಳುವಂತೆ ಕಂಡದ್ದು ಆ ಇಕ್ಕಟ್ಟು. ‘ಎಲ್ಲರೂ ಹೀಗೇ ಮಾಡ್ತಾರೆ’, ‘ಹಿಂದಿನಿಂದ ಬಂದದ್ದು’, ‘ಮೇಲಿನಿಂದ ಆದೇಶ ಬಂದಿದೆ’ ಎಂದು ಸುತ್ತಲಿನವರು ಸುಮ್ಮನಾದ ಕಡೆ ಇವರು ‘ಯಾಕೆ?’ ಎಂದರು. ಆ ಪ್ರಶ್ನೆಗೆ ಎಂಥ ಉತ್ತರವಾದರೂ ನಡೆಯುವುದಿಲ್ಲ. ನಮ್ಮ ಕೆಲಸದಿಂದ ನೋವುಣ್ಣುವವನ ಎದುರಿಗೇ ನಿಂತು ಹೇಳಬಲ್ಲ ಉತ್ತರ ಬೇಕು. ಇವತ್ತಿನ ಮಾತಿನುದ್ದಕ್ಕೂ ನಾನು ಈ ಅಳತೆಯನ್ನೇ ಇಟ್ಟುಕೊಳ್ಳುತ್ತೇನೆ, ಆ ಚಿಂತಕರ ಮೇಲೂ ಇಟ್ಟು ನೋಡುತ್ತೇನೆ. ಅವರು ಯಾರ ಎದುರು ನಿಂತು ಕಾರಣ ಕೊಡಲು ಮರೆತರು ಎಂದೂ ಕೇಳುತ್ತೇನೆ.

ಸಾಕ್ರಟೀಸನಿಂದ ಶುರುಮಾಡೋಣ. ಅವನು ವಿಷ ಕುಡಿದು ಸತ್ತ ಕತೆ ನಿಮಗೆಲ್ಲ ಗೊತ್ತು. ಅದಕ್ಕಿಂತ ಮುಂಚಿನ ಎರಡು ಸಂಗತಿಗಳನ್ನು ಹೇಳುತ್ತೇನೆ. ಕ್ರಿ.ಪೂ. 406ರಲ್ಲಿ ಅಥೆನ್ಸಿನ ನೌಕಾಪಡೆ ಸ್ಪಾರ್ಟಾದ ಮೇಲೆ ದೊಡ್ಡ ಗೆಲುವು ಸಾಧಿಸಿತು. ಬಿರುಗಾಳಿ ಎದ್ದದ್ದರಿಂದ, ಮುಳುಗುತ್ತಿದ್ದ ತಮ್ಮವರನ್ನು ಮೇಲೆತ್ತಲು ದಂಡನಾಯಕರಿಗೆ ಆಗಲಿಲ್ಲ. ಊರಿನ ಜನ ಕೆರಳಿದರು. ಎಲ್ಲ ದಂಡನಾಯಕರನ್ನೂ ಒಟ್ಟಿಗೆ ವಿಚಾರಣೆ ಮಾಡಿ ಒಂದೇ ಮತದಲ್ಲಿ ಕೊಲ್ಲಬೇಕೆಂದು ಸಭೆ ಕೂಗಿತು. ಒಬ್ಬೊಬ್ಬನಿಗೂ ಬೇರೆ ಬೇರೆ ವಿಚಾರಣೆ ನಡೆಸಬೇಕೆಂಬುದು ಅಲ್ಲಿನ ಕಾನೂನು. ಅವತ್ತು ಸಭೆ ನಡೆಸುವ ಸಮಿತಿಯಲ್ಲಿ ಸಾಕ್ರಟೀಸ್ ಇದ್ದ. ಇವನನ್ನೂ ಸೆರೆಗೆ ಹಾಕಿ ಎಂದು ಜನ ಅಬ್ಬರಿಸುತ್ತಿದ್ದರೂ ಅವನೊಬ್ಬ ಒಪ್ಪಲಿಲ್ಲ. ದಂಡನಾಯಕರನ್ನು ಕೊಂದರು, ಆ ಮಾತು ಬೇರೆ.

ಎರಡು ವರ್ಷ ಕಳೆದು ಪ್ರಜಾಪ್ರಭುತ್ವ ಬಿದ್ದು, ಮೂವತ್ತು ಮಂದಿಯ ಕ್ರೂರ ಆಡಳಿತ ಬಂತು. ಅವರು ಐದು ಜನರನ್ನು ಕರೆಸಿ, ಸಲಾಮಿಸ್ ದ್ವೀಪದಿಂದ ಲಿಯಾನ್ ಎಂಬಾತನನ್ನು ಹಿಡಿದು ತನ್ನಿ, ಕೊಲ್ಲಬೇಕು ಎಂದರು. ಆದಷ್ಟು ಜನರ ಕೈಗೆ ರಕ್ತ ಅಂಟಿಸುವುದು ಅವರ ಉಪಾಯ. ನಾಲ್ವರು ಸಲಾಮಿಸ್‌ಗೆ ಹೊರಟರು. ಐದನೆಯವನಾದ ಸಾಕ್ರಟೀಸ್ ಮನೆಗೆ ಹೋದ. ಭಾಷಣ ಮಾಡಲಿಲ್ಲ, ದಂಗೆ ಎಬ್ಬಿಸಲಿಲ್ಲ, ಆ ಕೆಲಸ ಮಾತ್ರ ಮಾಡಲಿಲ್ಲ. ಒಮ್ಮೆ ಬಹುಮತ, ಇನ್ನೊಮ್ಮೆ ಸರ್ವಾಧಿಕಾರ. ಇವೆರಡರ ಮುಂದೆಯೂ ಅವನು ಒಂದೇ ರೀತಿ ನಡೆದುಕೊಂಡ. ಸರ್ಕಾರಿ ಕೆಲಸಕ್ಕೆ ಹೋಗಲಿರುವ ನೀವು ಅವನ ಬದುಕಿನಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ, ವಿಷದ ಬಟ್ಟಲಿಗಿಂತ ಮೊದಲು ಈ ಸಲಾಮಿಸ್ ಪ್ರಸಂಗವನ್ನು ನೆನಪಿಡಿ ಎನ್ನುತ್ತೇನೆ.

ಕ್ರಿ.ಪೂ. 399ರಲ್ಲಿ, ಎಪ್ಪತ್ತು ವರ್ಷದ ಅವನ ಮೇಲೆ ಊರಿನ ದೇವರುಗಳನ್ನು ನಂಬುವುದಿಲ್ಲ, ಹುಡುಗರನ್ನು ಕೆಡಿಸುತ್ತಾನೆ ಎಂಬ ಆರೋಪ ಬಂತು, ಮರಣದಂಡನೆಯಾಯಿತು. ಡೆಲೋಸ್ ದ್ವೀಪಕ್ಕೆ ಹೋದ ಪವಿತ್ರ ಹಡಗು ವಾಪಸ್ಸಾಗುವ ತನಕ ಯಾರನ್ನೂ ಕೊಲ್ಲಬಾರದೆಂಬ ನೇಮವಿದ್ದುದರಿಂದ ಅವನು ಕೆಲವು ದಿನ ಸೆರೆಮನೆಯಲ್ಲಿದ್ದ. ಒಂದು ದಿನ ಬೆಳಕು ಹರಿಯುವ ಮೊದಲೇ ಹಳೆಯ ಗೆಳೆಯ ಕ್ರಿಟೋ ಬಂದ. ಕಾವಲುಗಾರನಿಗೆ ಗುರುತಿನವನಾದ್ದರಿಂದ ಒಳಗೆ ಬಿಟ್ಟ. ಸಾಕ್ರಟೀಸ್ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಕ್ರಿಟೋ ಎಬ್ಬಿಸದೆ ಪಕ್ಕದಲ್ಲಿ ಕೂತ. ಎಚ್ಚರವಾದ ಮೇಲೆ, ಸೆರೆಯಿಂದ ತಪ್ಪಿಸಿಕೊಂಡು ಹೋಗು ಎಂದು ಒಂದೊಂದಾಗಿ ಕಾರಣ ಹೇಳಿದ: ದುಡ್ಡು ಸಿದ್ಧವಿದೆ, ಉತ್ತರದ ಥೆಸಲಿ ಸೀಮೆಯಲ್ಲಿ ನನ್ನವರಿದ್ದಾರೆ, ನಿನ್ನ ಮಕ್ಕಳು ತಬ್ಬಲಿಗಳಾಗುತ್ತಾರೆ, ದುಡ್ಡು ಬಿಚ್ಚದೆ ಗೆಳೆಯನನ್ನು ಸಾಯಲು ಬಿಟ್ಟರು ಎಂದು ಜನ ನಮ್ಮನ್ನು ಆಡಿಕೊಳ್ಳುತ್ತಾರೆ. ನಮ್ಮ ಮನೆಯವರೇ ಹೇಳಬಹುದಾದ ಮಾತುಗಳು ಇವು.

ಸಾಕ್ರಟೀಸ್ ಅಲ್ಲೂ ವಿಚಾರಕ್ಕೇ ಕೂತ. ಜನ ಏನನ್ನುತ್ತಾರೆ ಎಂಬುದನ್ನು ಬದಿಗಿಡೋಣ, ಇದು ಸರಿಯೋ ತಪ್ಪೋ ಅಷ್ಟನ್ನೇ ನೋಡೋಣ ಎಂದ. ನಮಗೆ ಅನ್ಯಾಯವಾಗಿದೆ ಎಂದು ನಾವು ಅನ್ಯಾಯ ಮಾಡಬಹುದೇ? ಕೂಡದು ಎಂಬುದು ಅವನ ತೀರ್ಮಾನ. ಸೇಡಿಗೆ ಸೇಡು ಎನ್ನುವುದು ಗಂಡಸಿನ ಘನತೆ ಎಂದುಕೊಂಡಿದ್ದ ಸಮಾಜದಲ್ಲಿ ಹೇಳಿದ ಮಾತಿದು. ಆಮೇಲೆ ಅವನು, ಊರಿನ ಕಾನೂನುಗಳು ನನ್ನನ್ನು ಸಾಕಿ ಬೆಳೆಸಿದ ತಂದೆತಾಯಿಯಂತೆ, ಅವನ್ನು ಮೀರಲಾರೆ ಎನ್ನುತ್ತಾನೆ. ಈ ಭಾಗವನ್ನು ನಾನು ಒಪ್ಪುವುದಿಲ್ಲ. ಕಾನೂನು ತಪ್ಪಿದಾಗ ಅದನ್ನು ಮುರಿದವರಿಂದಲೇ ನಮಗೆ ಸ್ವಾತಂತ್ರ್ಯ ಸಿಕ್ಕಿದ್ದು. ತತ್ವವಿಚಾರ ಬಿಡು ಎಂದು ನ್ಯಾಯಾಲಯ ಆಜ್ಞೆ ಮಾಡಿದರೆ ಪಾಲಿಸುವುದಿಲ್ಲ ಎಂದು ಅವನೇ ವಿಚಾರಣೆಯಲ್ಲಿ ಹೇಳಿದ್ದ. ಈ ಎರಡು ಮಾತುಗಳನ್ನು ಹೊಂದಿಸಲು ವಿದ್ವಾಂಸರು ಇಂದಿಗೂ ಹೆಣಗುತ್ತಿದ್ದಾರೆ.

ಗಾಂಧೀಜಿ 1908ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಸಾಕ್ರಟೀಸನ ಆ ವಿಚಾರಣೆಯ ಮಾತುಗಳನ್ನು ಗುಜರಾತಿಯಲ್ಲಿ ಸಂಗ್ರಹಿಸಿ ಒಬ್ಬ ಸತ್ಯವೀರನ ಕತೆ ಎಂದು ಪ್ರಕಟಿಸಿದರು. 1910ರಲ್ಲಿ ಮುಂಬಯಿ ಸರ್ಕಾರ ‘ಹಿಂದ್ ಸ್ವರಾಜ್’ ಜೊತೆಗೆ ಅದನ್ನೂ ನಿಷೇಧಿಸಿತು. ಎರಡು ಸಾವಿರದ ಮುನ್ನೂರು ವರ್ಷ ಹಿಂದಿನ ಮುದುಕನ ಮಾತಿಗೆ ಬ್ರಿಟಿಷ್ ಸರ್ಕಾರ ಹೆದರಿತ್ತು.

ಅರಿಸ್ಟಾಟಲ್ ಬೇರೆ ಬಗೆಯ ಮನುಷ್ಯ. ಒಂದು ಇಕ್ಕಟ್ಟಿನಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ, ಇಡೀ ಬಾಳು ಚೆನ್ನಾಗಿರಬೇಕಾದರೆ ಎಂಥ ಮನುಷ್ಯನಾಗಬೇಕು ಎಂದು ಕೇಳಿದ. ಕಟ್ಟಡ ಕಟ್ಟಿ ಕಟ್ಟಿ ಕಟ್ಟಡದವನಾಗುತ್ತೇವೆ, ವಾದ್ಯ ನುಡಿಸಿ ನುಡಿಸಿ ವಾದ್ಯಗಾರನಾಗುತ್ತೇವೆ. ಹಾಗೆಯೇ ನ್ಯಾಯದ ಕೆಲಸ ಮಾಡುತ್ತಾ ಮಾಡುತ್ತಾ ನ್ಯಾಯವಂತನಾಗುತ್ತೇವೆ ಎಂಬುದು ಅವನ ಮುಖ್ಯ ಕಾಣ್ಕೆ. ಮಧ್ಯಮ ಮಾರ್ಗ ಎಂದು ನೋಟ್ಸಿನಲ್ಲಿ ಬರೆದುಕೊಂಡದ್ದನ್ನು ಎಲ್ಲದರಲ್ಲೂ ಅರ್ಧಕ್ಕೆ ನಿಲ್ಲುವುದು ಎಂದು ತಿಳಿಯಬೇಡಿ. ಸಿಟ್ಟು ಮಾಡಿಕೊಳ್ಳುವುದು ಯಾರಿಗೂ ಸುಲಭ, ತಕ್ಕ ವ್ಯಕ್ತಿಯ ಮೇಲೆ, ತಕ್ಕ ಹೊತ್ತಿನಲ್ಲಿ, ತಕ್ಕಷ್ಟು, ತಕ್ಕ ಕಾರಣಕ್ಕೆ ಸಿಟ್ಟಾಗುವುದು ಕಷ್ಟ ಎನ್ನುತ್ತಾನೆ. ಅನ್ಯಾಯ ಕಂಡಾಗ ಸಿಟ್ಟೇ ಬರದವನೂ ಅವನ ಪ್ರಕಾರ ದೋಷವುಳ್ಳವನೇ.

ಈಗ ನಮ್ಮ ಅಳತೆ ಇಡೋಣ. ಇದೇ ಅರಿಸ್ಟಾಟಲ್, ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ವಾದಿಸಿದ. ಜಾತಿಯ ನೆಲದಲ್ಲಿ ಬೆಳೆದ ನಮಗೆ ಈ ವಾದದ ಧಾಟಿ ಚೆನ್ನಾಗಿ ಗೊತ್ತು. ಅವನ ಉಯಿಲು ಎಂದು ಪ್ರಾಚೀನ ಗ್ರಂಥವೊಂದು ಉಳಿಸಿಕೊಟ್ಟಿರುವ ಪತ್ರದಲ್ಲಿ ಮಾತ್ರ, ನನ್ನ ಸೇವೆ ಮಾಡಿದ ಆಳುಗಳನ್ನು ಯಾರೂ ಮಾರಬಾರದು, ತಕ್ಕ ವಯಸ್ಸಿಗೆ ಯೋಗ್ಯತೆ ನೋಡಿ ಬಿಡುಗಡೆ ಮಾಡಬೇಕು ಎಂದಿದೆ. ಗುಲಾಮಗಿರಿಯನ್ನು ಪುಸ್ತಕದಲ್ಲಿ ಸಮರ್ಥಿಸಿದವನಿಗೆ ತನ್ನ ಮನೆಯಲ್ಲಿ ಕಣ್ಣೆದುರಿಗಿದ್ದವರ ವಿಷಯದಲ್ಲಿ ಆ ವಾದ ಪೂರ್ತಿ ಹಿಡಿಸಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಅದು ಅವನ ವಾದವನ್ನು ಮನ್ನಿಸುವುದಿಲ್ಲ.

ಗುಲಾಮನೇ ತತ್ವಜ್ಞಾನಿಯಾದಾಗ ಏನಾಗುತ್ತದೆ ಎಂಬುದಕ್ಕೆ ಎಪಿಕ್ಟೆಟಸ್ ಇದ್ದಾನೆ. ರೋಮಿನಲ್ಲಿ ಗುಲಾಮನಾಗಿದ್ದು, ಬಿಡುಗಡೆಯಾಗಿ, ನಿಕೊಪೊಲಿಸ್‌ನಲ್ಲಿ ಪಾಠ ಹೇಳಿದ. ಕೆಲವು ಸಂಗತಿಗಳು ನಮ್ಮ ಕೈಲಿವೆ, ಕೆಲವು ಇಲ್ಲ, ಇದನ್ನು ಬೇರೆ ಮಾಡಿ ನೋಡುವುದೇ ಮೊದಲ ಪಾಠ ಎಂದ. ಅವನ ಮಾತುಗಳನ್ನು ಓದಿ ಬೆಳೆದವನು ಚಕ್ರವರ್ತಿ ಮಾರ್ಕಸ್ ಅರೇಲಿಯಸ್. ಇವರಿಬ್ಬರ ಪಂಥಕ್ಕೆ ಸ್ಟೋಯಿಕ್ ಎಂದು ಹೆಸರು. ಸ್ಟೋಯಿಕ್ ಮಾತುಗಳು ಈಗ ಮೊಬೈಲಿನಲ್ಲಿ ತುಂಬ ಓಡಾಡುತ್ತಿವೆ. ನೊಂದವರಿಗೆ ಅವು ಧೈರ್ಯ ಕೊಡುತ್ತವೆ. ನೋಯಿಸುವ ವ್ಯವಸ್ಥೆಯನ್ನು ಬದಲಿಸಲು ಅಷ್ಟಾಗಿ ನೆರವಿಗೆ ಬರುವುದಿಲ್ಲ, ಆದ್ದರಿಂದ ನಾನು ಅಲ್ಲಿ ಹೆಚ್ಚು ನಿಲ್ಲುವುದಿಲ್ಲ.

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿಗೆ ಬರೋಣ. ನಮ್ಮನ್ನು ನಡೆಸುವುದು ಬುದ್ಧಿಯೋ ಭಾವನೆಯೋ ಎಂಬ ಪ್ರಶ್ನೆಗೆ ಡೇವಿಡ್ ಹ್ಯೂಮ್ ಖಡಾಖಂಡಿತವಾಗಿ ಉತ್ತರಿಸಿದ: ಬುದ್ಧಿ ಭಾವನೆಗಳ ಆಳು. ಅವನ ಗೆಳೆಯ ಆಡಂ ಸ್ಮಿತ್ ಎಂದರೆ ನಮಗೆ ಅರ್ಥಶಾಸ್ತ್ರದ ಪಿತಾಮಹ. ಅದಕ್ಕೂ ಮೊದಲು ಅವನು ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕ. 1759ರ ಅವನ ನೀತಿ ಭಾವನೆಗಳ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಚೀನಾ ದೇಶವೇ ಭೂಕಂಪದಲ್ಲಿ ಮುಳುಗಿತು ಎಂಬ ಸುದ್ದಿ ಯೂರೋಪಿನ ಒಬ್ಬ ಒಳ್ಳೆಯ ಮನುಷ್ಯನಿಗೆ ತಲುಪುತ್ತದೆ ಎಂದುಕೊಳ್ಳಿ. ಅಯ್ಯೋ ಪಾಪ ಎನ್ನುತ್ತಾನೆ, ಬಾಳಿನ ಅಸ್ಥಿರತೆಯ ಬಗ್ಗೆ ನಾಲ್ಕು ಮಾತಾಡುತ್ತಾನೆ, ರಾತ್ರಿ ಗೊರಕೆ ಹೊಡೆಯುತ್ತಾನೆ. ಅದೇ, ನಾಳೆ ಅವನ ಕಿರುಬೆರಳು ಹೋಗುತ್ತದೆ ಎಂದರೆ ಇವತ್ತು ನಿದ್ದೆ ಬರುವುದಿಲ್ಲ. ಇಷ್ಟಕ್ಕೇ ಸ್ಮಿತ್ ನಿಲ್ಲಿಸುವುದಿಲ್ಲ. ಹಾಗಾದರೆ ಕಿರುಬೆರಳು ಉಳಿಸಿಕೊಳ್ಳಲು ಅವನು ಆ ಕೋಟ್ಯಂತರ ಜನರನ್ನು ಬಲಿ ಕೊಡುತ್ತಾನೆಯೇ? ಆ ಯೋಚನೆಗೇ ಅವನು ನಡುಗುತ್ತಾನೆ. ಭಾವನೆ ಇಷ್ಟು ಚಿಕ್ಕದಿರುವಾಗ ತಡೆಯುವುದು ಯಾವುದು? ನಮ್ಮೊಳಗೆ ಕೂತ ಒಬ್ಬ ನಿಷ್ಪಕ್ಷಪಾತಿ ನೋಡುಗ ಎಂದು ಸ್ಮಿತ್ ಉತ್ತರಿಸುತ್ತಾನೆ. ನೀನು ಲಕ್ಷಾಂತರ ಜನರಲ್ಲಿ ಒಬ್ಬ, ಯಾರಿಗಿಂತ ಹೆಚ್ಚಿನವನೂ ಅಲ್ಲ ಎಂದು ಅವನು ಹೇಳುತ್ತಿರುತ್ತಾನೆ. ಎರಡೂವರೆ ಶತಮಾನ ಕಳೆದರೂ, ದೂರದ ಯುದ್ಧದ ವಿಡಿಯೋವನ್ನು ಬೆರಳಲ್ಲಿ ಸರಿಸಿ ಮುಂದೆ ಹೋಗುವ ನಮ್ಮನ್ನು ಇಷ್ಟು ಸರಿಯಾಗಿ ಹಿಡಿದ ಬರಹ ನಾನು ಕಂಡಿಲ್ಲ.

ಇನ್ನು ಜರ್ಮನ್ ಚಿಂತಕ ಕಾಂಟ್. ನೋಟ್ಸಿನಲ್ಲಿ ಅತಿ ಒಣಗಿದಂತೆ ಕಾಣುವವನು, ನನಗೆ ಅತಿ ಹತ್ತಿರದವನು. 1724ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ, ಕುದುರೆಗೆ ಹಾಕುವ ಚರ್ಮದ ಸಜ್ಜು ಹೊಲಿಯುವವನ ಮಗನಾಗಿ ಹುಟ್ಟಿದ. ಆ ಊರು ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಓದಿದವನೆಂಬ ಜಂಬದಿಂದ, ಏನೂ ತಿಳಿಯದ ಸಾಮಾನ್ಯರನ್ನು ತಾನು ಕೀಳಾಗಿ ಕಾಣುತ್ತಿದ್ದುದಾಗಿಯೂ, ರೂಸೋನನ್ನು ಓದಿದ ಮೇಲೆ ಮನುಷ್ಯರನ್ನು ಗೌರವಿಸಲು ಕಲಿತುದಾಗಿಯೂ ಅವನೇ ಬರೆದುಕೊಂಡಿದ್ದಾನೆ. ಕೈಕೆಲಸದವನ ಮಗ ಬರೆದ ಈ ಮಾತನ್ನು ಇಟ್ಟುಕೊಂಡೇ ಅವನ ನೀತಿಯನ್ನು ಓದಬೇಕು.

1785ರ ಚಿಕ್ಕ ಪುಸ್ತಕದಲ್ಲಿ ಅವನು ಒಬ್ಬ ಅಂಗಡಿಯವನನ್ನು ನಮ್ಮ ಮುಂದೆ ನಿಲ್ಲಿಸುತ್ತಾನೆ. ಪುಟ್ಟ ಮಗು ಬಂದರೂ ಈ ಅಂಗಡಿಯವನು ಎಲ್ಲರಿಗೂ ಕೊಡುವ ಬೆಲೆಗೇ ಸಾಮಾನು ಕೊಡುತ್ತಾನೆ. ಪ್ರಾಮಾಣಿಕ. ಸರಿ, ಯಾಕೆ ಪ್ರಾಮಾಣಿಕ? ಮೋಸ ಮಾಡಿದರೆ ಗಿರಾಕಿ ತಪ್ಪಿಹೋಗುತ್ತದೆ ಎಂದಾದರೆ ಅದು ಜಾಣ ವ್ಯಾಪಾರ. ತಪ್ಪೇನಿಲ್ಲ, ಆದರೆ ಅದಕ್ಕೆ ನೀತಿಯ ಬೆಲೆ ಇಲ್ಲ, ಏಕೆಂದರೆ ಯಾರಿಗೂ ತಿಳಿಯದಂತೆ ಮೋಸ ಮಾಡುವ ದಿನ ಬಂದರೆ ಅವನನ್ನು ತಡೆಯಲು ಏನೂ ಉಳಿದಿರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಕೆಲಸ ಒಂದೇ. ಕಾರಣದಲ್ಲಿ ಭೇದವಿದೆ.

ಮುಂದೆ ಇನ್ನೊಬ್ಬ ಬರುತ್ತಾನೆ, ಕೈಸಾಲ ಕೇಳುವವನು. ತೀರಿಸಲು ಆಗುವುದಿಲ್ಲ ಎಂದು ಅವನಿಗೆ ಗೊತ್ತು. ತೀರಿಸುತ್ತೇನೆ ಎಂದು ಮಾತು ಕೊಡದಿದ್ದರೆ ಯಾರೂ ಕೊಡುವುದಿಲ್ಲ ಎಂಬುದೂ ಗೊತ್ತು. ಸುಳ್ಳು ಮಾತು ಕೊಡಬಹುದೇ? ಕಷ್ಟದಲ್ಲಿರುವವರೆಲ್ಲ ಹೀಗೆ ಮಾಡುವುದು ನಿಯಮವೇ ಆಯಿತು ಎಂದಿಟ್ಟುಕೊಳ್ಳಿ ಎನ್ನುತ್ತಾನೆ ಕಾಂಟ್. ಆಗ ಮಾತು ಕೊಡುವುದಕ್ಕೇ ಅರ್ಥವಿರುವುದಿಲ್ಲ, ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಅಂದರೆ ಸುಳ್ಳು ಹೇಳುವವನು, ಉಳಿದವರೆಲ್ಲ ಮಾತು ಉಳಿಸಿಕೊಳ್ಳಲಿ, ನನಗೊಬ್ಬನಿಗೆ ವಿನಾಯಿತಿ ಇರಲಿ ಎನ್ನುತ್ತಿದ್ದಾನೆ. ಸಾಲ ಕೊಟ್ಟವನನ್ನು ಅವನು ಬರೀ ಸಾಧನವಾಗಿ ಬಳಸಿಕೊಂಡ. ನಿನ್ನಲ್ಲಿರುವ ಮತ್ತು ಇತರರಲ್ಲಿರುವ ಮನುಷ್ಯತ್ವವನ್ನು ಎಂದೂ ಬರೀ ಸಾಧನವಾಗಿ ಕಾಣಬೇಡ, ಗುರಿಯಾಗಿಯೂ ಕಾಣು ಎಂಬ ಪ್ರಸಿದ್ಧ ಸೂತ್ರ ಇಲ್ಲೇ ಬರುವುದು. ನೋಯುವವನ ಎದುರು ಹೇಳಬಲ್ಲ ಕಾರಣ ಎಂದು ನಾನು ಮೊದಲಿಗೆ ಹೇಳಿದ್ದು ಬಹಳಮಟ್ಟಿಗೆ ಇವನಿಂದ ಕಲಿತದ್ದು.

ಕಾಂಟ್‌ನ ಕಷ್ಟಗಳನ್ನೂ ಹೇಳಬೇಕು. ಗೆಳೆಯನನ್ನು ಕೊಲ್ಲಲು ಹುಡುಕಿಕೊಂಡು ಬಂದವನಿಗೂ ಸುಳ್ಳು ಹೇಳಕೂಡದು ಎಂದು 1797ರಲ್ಲಿ ಪಟ್ಟುಹಿಡಿದು ಬರೆದ. ಇದು ತಪ್ಪು, ಅವನದೇ ಮನುಷ್ಯತ್ವದ ಸೂತ್ರಕ್ಕೆ ವಿರುದ್ಧ ಎಂದು ನನ್ನ ಖಚಿತ ಅಭಿಪ್ರಾಯ. ಬಿಳಿಯರಲ್ಲದ ಜನಾಂಗಗಳ ಬಗ್ಗೆ ಅವನು ಬರೆದ ಕೆಲವು ಮಾತುಗಳನ್ನು ಓದಲು ಸಂಕಟವಾಗುತ್ತದೆ. ಆದರೆ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಅವನೇ ಹಿಂದೂಸ್ತಾನದ ಹೆಸರು ಹಿಡಿದು ಬರೆಯುತ್ತಾನೆ: ಯೂರೋಪಿನವರು ವ್ಯಾಪಾರದ ಕೋಠಿ ಹಾಕುವ ನೆಪದಲ್ಲಿ ಸೈನ್ಯ ತಂದರು, ಅಲ್ಲಿನ ಜನರನ್ನು ತುಳಿದರು, ರಾಜ್ಯ ರಾಜ್ಯಗಳ ನಡುವೆ ಯುದ್ಧ ಹಚ್ಚಿದರು, ಬರಗಾಲ ತಂದರು ಎಂದು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒತ್ತೆಯಿಟ್ಟು ಆಗ ಮೂರೇ ವರ್ಷವಾಗಿತ್ತು. ತನ್ನ ಊರಿನ ಸುತ್ತಮುತ್ತ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ ಬರೆದ ಸಾಲುಗಳಿವು.

ಕರ್ತವ್ಯ ಎಂಬ ಮಾತನ್ನು ಎಷ್ಟು ಕೆಡಿಸಬಹುದು ಎಂಬುದಕ್ಕೂ ಸಾಕ್ಷಿ ಇದೆ. 1961ರಲ್ಲಿ ಜೆರುಸಲೇಮಿನಲ್ಲಿ, ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಅಡಾಲ್ಫ್ ಐಶ್‌ಮನ್‌ನ ವಿಚಾರಣೆ ನಡೆಯಿತು. ತಾನು ಕಾಂಟ್‌ನ ನೀತಿಯಂತೆ ಬದುಕಿದವನು ಎಂದು ಅವನು ಹೇಳಿಕೊಂಡ. ನ್ಯಾಯಾಧೀಶರು ಕೆದಕಿದಾಗ ಕಾಂಟ್‌ನ ಸೂತ್ರವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಒಪ್ಪಿಸಿದ. ವಿಚಾರಣೆಯನ್ನು ವರದಿ ಮಾಡಿದ ಚಿಂತಕಿ ಹಾನಾ ಆರೆಂಟ್ ಇದನ್ನು ಬರೆದು, ಅವನು ಕಾಂಟ್‌ನ ಜಾಗದಲ್ಲಿ ಹಿಟ್ಲರನನ್ನು ಕೂರಿಸಿಕೊಂಡಿದ್ದ ಎಂದು ತೋರಿಸಿದರು. ಕಾಂಟ್ ಕೇಳುವುದು ನೀನೇ ಯೋಚಿಸಿ ಕಂಡುಕೊಂಡ ನಿಯಮವನ್ನು, ಮೇಲಿನವನ ಅಪ್ಪಣೆಯನ್ನಲ್ಲ. ಪರೀಕ್ಷೆಯಲ್ಲಿ ‘ಕಾಂಟ್ – ಕರ್ತವ್ಯ’ ಎಂದಷ್ಟೇ ಬರೆಯುವವರಿಗೆ ಈ ವ್ಯತ್ಯಾಸ ಹೇಳಲೇಬೇಕೆಂದು ನಾನು ಬಂದದ್ದು.

ಇಂಗ್ಲೆಂಡಿನ ಬೆಂಥಮ್ ಎದುರು ದಡದವನು. ನೋವು ಮತ್ತು ಸುಖ ಎಂಬ ಇಬ್ಬರೇ ನಮ್ಮ ಒಡೆಯರು, ಒಟ್ಟು ಸುಖ ಹೆಚ್ಚಿಸುವುದು ಸರಿ, ನೋವು ಹೆಚ್ಚಿಸುವುದು ತಪ್ಪು ಎಂದ. ಒರಟು ಲೆಕ್ಕಾಚಾರ ಎಂದು ಇವನನ್ನು ಹೀಗಳೆಯುವುದು ಸುಲಭ. ಆದರೆ ಲೆಕ್ಕದಲ್ಲಿ ರಾಜನ ನೋವಿಗೂ ಕೂಲಿಯವನ ನೋವಿಗೂ ಒಂದೇ ಬೆಲೆ. 1789ರಲ್ಲಿ ಪ್ರಕಟವಾದ ಅವನ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಪ್ರಾಣಿಗಳ ಮಾತು ಬರುತ್ತದೆ. ಅವಕ್ಕೆ ಯೋಚಿಸಲು ಬರುತ್ತದೆಯೇ, ಮಾತಾಡಲು ಬರುತ್ತದೆಯೇ ಎಂಬುದು ಪ್ರಶ್ನೆಯಲ್ಲ, ಅವಕ್ಕೆ ನೋವಾಗುತ್ತದೆಯೇ ಎಂಬುದು ಪ್ರಶ್ನೆ ಎನ್ನುತ್ತಾನೆ. ಚರ್ಮದ ಕಪ್ಪುಬಣ್ಣ ಒಬ್ಬನನ್ನು ಹಿಂಸಿಸಲು ಕಾರಣವಾಗಲಾರದು ಎಂದಾದರೆ, ಕಾಲುಗಳ ಸಂಖ್ಯೆಯೂ ಕಾರಣವಾಗಲಾರದು ಎಂಬುದು ಅವನ ತರ್ಕ.

ಬೆಂಥಮ್‌ನ ಶಿಷ್ಯ ಜೇಮ್ಸ್ ಮಿಲ್ ಭಾರತಕ್ಕೆ ಕಾಲಿಡದೆಯೇ ಭಾರತದ ಇತಿಹಾಸ ಬರೆದವನು. ಅವನ ಮಗ ಜಾನ್ ಸ್ಟುವರ್ಟ್ ಮಿಲ್. ಮೂರನೆಯ ವಯಸ್ಸಿಗೇ ಗ್ರೀಕ್ ಕಲಿಸಲು ಶುರುಮಾಡಿ ಅಪ್ಪ ಅವನನ್ನು ಸುಖದ ಲೆಕ್ಕದ ಸಿದ್ಧಾಂತಕ್ಕೇ ತಯಾರು ಮಾಡಿದ. 1826ರಲ್ಲಿ, ಇಪ್ಪತ್ತರ ಹುಡುಗ ತನ್ನನ್ನೇ ಕೇಳಿಕೊಂಡ: ನಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಸಂತೋಷವಾಗುತ್ತದೆಯೇ? ಇಲ್ಲ ಎಂದು ಒಳಗಿನಿಂದ ಉತ್ತರ ಬಂತು. ಕುಸಿದುಹೋದ. ತಿಂಗಳುಗಟ್ಟಲೆ ಕತ್ತಲೆ. ಫ್ರೆಂಚ್ ಲೇಖಕನೊಬ್ಬನ ಆತ್ಮಕಥೆಯಲ್ಲಿ, ತಂದೆ ಸತ್ತಾಗ ಹುಡುಗ ಮನೆಯವರಿಗೆಲ್ಲ ನಾನಿದ್ದೇನೆ ಎಂದು ನಿಲ್ಲುವ ಭಾಗ ಓದುತ್ತಾ ಕಣ್ಣೀರು ಬಂತಂತೆ. ನಾನು ಕಲ್ಲಾಗಿಲ್ಲ ಎಂದು ಅವನಿಗೆ ಅವತ್ತು ಗೊತ್ತಾಯಿತು. ಆಮೇಲೆ ವರ್ಡ್ಸ್‌ವರ್ತ್‌ನ ಕವಿತೆ ಅವನಿಗೆ ಆಸರೆಯಾಯಿತು. ಮುಂದೆ ಅವನು ಎಲ್ಲ ಸುಖವೂ ಒಂದೇ ಬಗೆಯದಲ್ಲ, ತೃಪ್ತ ಮೂರ್ಖನಾಗಿರುವುದಕ್ಕಿಂತ ಅತೃಪ್ತ ಸಾಕ್ರಟೀಸನಾಗಿರುವುದು ಮೇಲು ಎಂದು ಬರೆದದ್ದನ್ನು ಈ ಕತ್ತಲೆಯ ದಿನಗಳ ಜೊತೆಗಿಟ್ಟು ಓದಬೇಕು.

ಈ ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಭಾರತದ ಸಂಸ್ಥಾನಗಳ ಜೊತೆಗಿನ ಪತ್ರವ್ಯವಹಾರದ ಕರಡು ಸಿದ್ಧಪಡಿಸುವುದು ಅವನ ಬಹುಕಾಲದ ಕೆಲಸ. ಆ ವರ್ಷಗಳಲ್ಲೇ, 1831ರಲ್ಲಿ, ಮೈಸೂರಿನ ಆಡಳಿತವನ್ನು ಅರಸರಿಂದ ಕಿತ್ತುಕೊಂಡು ಕಮಿಷನರ್ ಕೈಗೆ ಕೊಟ್ಟರು. 1859ರಲ್ಲಿ ಬಂದ ಸ್ವಾತಂತ್ರ್ಯದ ಕುರಿತಾದ ಅವನ ಪುಸ್ತಕ ಜಗತ್ತಿನ ಅತ್ಯುತ್ತಮ ವಾದಗಳಲ್ಲಿ ಒಂದು. ಒಬ್ಬನನ್ನು ಬಿಟ್ಟು ಇಡೀ ಮನುಕುಲ ಒಂದು ಕಡೆಯಿದ್ದರೂ ಆ ಒಬ್ಬನ ಬಾಯಿ ಮುಚ್ಚಿಸುವ ಹಕ್ಕು ಅವರಿಗಿಲ್ಲ ಎನ್ನುತ್ತದೆ. ಅದರ ಮೊದಲ ಅಧ್ಯಾಯದಲ್ಲೇ ಒಂದು ಗೆರೆ ಎಳೆದಿದ್ದಾನೆ. ಈ ತತ್ವ ‘ಹಿಂದುಳಿದ’ ಸಮಾಜಗಳಿಗೆ ಅನ್ವಯಿಸುವುದಿಲ್ಲ, ಅಂಥವರ ಪಾಲಿಗೆ ಒಬ್ಬ ಅಕ್ಬರನೋ ಯೂರೋಪಿನ ಹಳೆಯ ಚಕ್ರವರ್ತಿ ಶಾರ್ಲಮೇನನೋ ಸಿಕ್ಕಿದರೆ ಅದೇ ಪುಣ್ಯ ಎಂಬ ಅರ್ಥದಲ್ಲಿ. ನಮ್ಮ ಎದುರು ನಿಂತು ಕಾರಣ ಕೊಡಲು ಅವನಿಗೆ ಆಗಲಿಲ್ಲ.

ಅವನ ವಾದಕ್ಕೆ ಉತ್ತರವೂ ಅವನಲ್ಲೇ ಇದೆ, ಅದಕ್ಕೇ ಮಿಲ್‌ನನ್ನು ಬಿಡಲಾಗುವುದಿಲ್ಲ. 1851ರಲ್ಲಿ ಹ್ಯಾರಿಯೆಟ್ ಟೇಲರ್‌ರನ್ನು ಮದುವೆಯಾಗುವಾಗ, ಹೆಂಡತಿಯ ಮೈ, ಆಸ್ತಿಗಳ ಮೇಲೆ ಕಾನೂನು ಗಂಡನಿಗೆ ಕೊಡುವ ಅಧಿಕಾರವನ್ನು ಎಂದೂ ಬಳಸುವುದಿಲ್ಲ ಎಂದು ಬರೆದಿಟ್ಟ. 1867ರಲ್ಲಿ ಸಂಸತ್ತಿನಲ್ಲಿ ಹೆಂಗಸರಿಗೂ ಮತದಾನದ ಹಕ್ಕು ಕೊಡಿ ಎಂದು ತಿದ್ದುಪಡಿ ಮಂಡಿಸಿದ. ಸೋತಿತು, ಆದರೂ 73 ಮತ ಬಿದ್ದವು. ಹೆಂಗಸರ ಅಧೀನ ಸ್ಥಿತಿಯ ಬಗ್ಗೆ 1869ರಲ್ಲಿ ಪ್ರಕಟಿಸಿದ ಪುಸ್ತಕದ ವಾದ ಇಷ್ಟು: ಹೆಂಗಸರ ಸ್ವಭಾವ ಹೀಗೆ ಎಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಇದುವರೆಗೆ ಕಂಡಿರುವುದು ಅದುಮಿಟ್ಟು ಬೆಳೆಸಿದ ಸ್ವಭಾವವನ್ನು ಮಾತ್ರ. ಈ ಮಾತಿನಲ್ಲಿ ಹೆಂಗಸರು ಎಂದಿರುವಲ್ಲಿ ಆಳಿಸಿಕೊಂಡ ಜನ ಎಂದು ಹಾಕಿ ನೋಡಿ. ಕಂಪನಿಯ ನೌಕರನಿಗೆ ಕಾಣದ್ದು ಕಾಣುತ್ತದೆ.

ನೀಶೆಯನ್ನು, ಸಾರ್ತ್ರನನ್ನು ಇವತ್ತು ಮುಟ್ಟುವುದಿಲ್ಲ. ಅವರಿಗೆ ಬೇರೆಯೇ ಒಂದು ಸಂಜೆ ಬೇಕು. ನೋಟ್ಸಿನಲ್ಲಿ ಹೆಚ್ಚಾಗಿ ಹೆಸರೇ ಇಲ್ಲದ ಇಬ್ಬರು ಹೆಂಗಸರ ಕಡೆಗೆ ಬರುತ್ತೇನೆ. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೊರಟುಹೋದಾಗ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಪೀಳಿಗೆಯವರು ಇವರು. ಎಲಿಜಬೆತ್ ಆನ್ಸ್‌ಕೂಂಬ್ ಅಲ್ಲೇ ಅಧ್ಯಾಪಕಿಯಾದರು. 1956ರಲ್ಲಿ ವಿಶ್ವವಿದ್ಯಾಲಯ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್‌ಗೆ ಗೌರವ ಪದವಿ ಕೊಡಲು ಮುಂದಾಯಿತು. ಇಂಥವಕ್ಕೆ ಯಾರೂ ಎದುರಾಡುವ ರೂಢಿಯಿಲ್ಲ. ಆಕೆ ಸಭೆಯಲ್ಲಿ ಎದ್ದುನಿಂತು, ಹಿರೋಷಿಮಾ ಮತ್ತು ನಾಗಸಾಕಿಯ ಮೇಲೆ ಬಾಂಬು ಹಾಕಿಸಿದವನಿಗೆ ಗೌರವ ಸಲ್ಲದು ಎಂದರು. ಬಾಂಬಿನಿಂದ ಯುದ್ಧ ಬೇಗ ಮುಗಿದು ಹೆಚ್ಚು ಜೀವ ಉಳಿಯಿತಲ್ಲ ಎಂಬುದು ಎಲ್ಲರ ಸಮರ್ಥನೆ. ನಿರಪರಾಧಿಗಳನ್ನು ಕೊಲ್ಲುವುದನ್ನೇ ಗುರಿ ಮುಟ್ಟುವ ದಾರಿಯಾಗಿ ಆರಿಸಿಕೊಂಡರೆ ಅದು ಕೊಲೆ, ಲೆಕ್ಕ ಏನೇ ಹೇಳಲಿ ಎಂಬುದು ಆಕೆಯ ಉತ್ತರ. ಬೇಷರತ್ ಶರಣಾಗತಿಯೇ ಬೇಕೆಂದು ಹಟ ಹಿಡಿದದ್ದರಿಂದಲೇ ಆ ಲೆಕ್ಕ ಹುಟ್ಟಿತು ಎಂದೂ ತೋರಿಸಿದರು. ಬೆರಳೆಣಿಕೆಯ ಮಂದಿ ಜೊತೆಗಿದ್ದರು, ಟ್ರೂಮನ್‌ಗೆ ಪದವಿ ಸಿಕ್ಕಿತು. ಐವರನ್ನು ಉಳಿಸಲು ಟ್ರಾಮನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದೇ ಎಂಬ ಒಗಟು ನಿಮ್ಮ ನೋಟ್ಸಿನಲ್ಲಿದೆಯಲ್ಲ, ಅದನ್ನು 1967ರಲ್ಲಿ ಎತ್ತಿದ ಫಿಲಿಪ್ಪಾ ಫುಟ್ ಆನ್ಸ್‌ಕೂಂಬ್‌ರ ಗೆಳತಿ. ಆ ಒಗಟಿನ ಹಿಂದೆ ಸುಟ್ಟ ಊರುಗಳಿವೆ ಎಂಬ ನೆನಪಿಟ್ಟುಕೊಂಡು ಉತ್ತರ ಬರೆಯಿರಿ.

ಇನ್ನೊಬ್ಬರು ಐರಿಸ್ ಮರ್ಡಾಕ್, ಕಾದಂಬರಿಕಾರ್ತಿಯೂ ಹೌದು. ಅವರು ಕೊಡುವ ಉದಾಹರಣೆ ನಮ್ಮ ಮನೆಗಳದ್ದೇ ಎನ್ನಿಸುವಂಥದ್ದು: ಅತ್ತೆ, ಸೊಸೆ. ಅತ್ತೆಗೆ ಸೊಸೆ ಹಿಡಿಸಿಲ್ಲ. ಹುಡುಗಿ ಕೆಟ್ಟವಳಲ್ಲ, ಆದರೆ ನಯವಿಲ್ಲ, ಚೆಲ್ಲುಚೆಲ್ಲಾಗಿ ಆಡುತ್ತಾಳೆ, ಮಗ ತನಗೆ ತಕ್ಕವಳನ್ನು ತರಲಿಲ್ಲ ಎಂಬ ಕೊರಗು. ಆದರೂ ಅತ್ತೆ ಸಭ್ಯಸ್ಥೆ, ಒಂದು ದಿನವೂ ಅದನ್ನು ತೋರಗೊಟ್ಟಿಲ್ಲ. ಹೀಗಿರುತ್ತಾ ಒಂದು ದಿನ ತನಗೆ ತಾನೇ ಹೇಳಿಕೊಳ್ಳುತ್ತಾಳೆ: ನಾನು ಹಳೇ ಕಾಲದವಳು, ನನ್ನ ಮನಸ್ಸು ಚಿಕ್ಕದಿರಬಹುದು, ಹೊಟ್ಟೆಕಿಚ್ಚಂತೂ ಇದ್ದೇ ಇದೆ, ಇನ್ನೊಮ್ಮೆ ನೋಡೋಣ. ನೋಡುತ್ತಾ ಹೋದಂತೆ ಹುಡುಗಿ ಒರಟಲ್ಲ, ಸರಳ; ಚೆಲ್ಲಲ್ಲ, ಲವಲವಿಕೆಯವಳು ಎಂದು ಕಾಣತೊಡಗುತ್ತದೆ. ಹೊರಗಿನ ನಡವಳಿಕೆಯಲ್ಲಿ ಏನೇನೂ ಬದಲಾಗಿಲ್ಲ, ಮೊದಲೂ ಚೆನ್ನಾಗಿಯೇ ನಡೆದುಕೊಳ್ಳುತ್ತಿದ್ದಳು. ಹಾಗಾದರೆ ಏನೂ ಆಗಲೇ ಇಲ್ಲವೇ? ಬಹಳ ದೊಡ್ಡದೇ ಆಗಿದೆ ಎನ್ನುತ್ತಾರೆ ಮರ್ಡಾಕ್. ಯಾವ ಕೆಲಸ ಸರಿ ಎಂದು ತೂಗುವ ಹೊತ್ತಿಗೆ ನಾವು ಎದುರಿನವರನ್ನು ಹೇಗೆ ಕಂಡಿದ್ದೇವೆ ಎಂಬುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಅರಿಸ್ಟಾಟಲ್ ಗುಲಾಮನನ್ನು, ಮಿಲ್ ಭಾರತದವನನ್ನು ತಪ್ಪಾಗಿ ತೂಗಿದ್ದು ನಿಜ, ಅದಕ್ಕಿಂತ ಮೊದಲೇ ಅವರು ತಪ್ಪಾಗಿ ನೋಡಿದ್ದರು. ಈ ಪರಂಪರೆಯ ದೊಡ್ಡವರೆಲ್ಲ ಎಡವಿದ ಜಾಗವನ್ನು ನನಗೆ ತೋರಿಸಿಕೊಟ್ಟದ್ದು ಮರ್ಡಾಕ್‌ರ ಈ ಪುಟ್ಟ ಕತೆ.

ಕೊನೆಯವರು ಪೀಟರ್ ಸಿಂಗರ್, ಆಸ್ಟ್ರೇಲಿಯಾದವರು, ಬೆಂಥಮ್‌ನ ದಾರಿಯವರು. 1971ರ ನವೆಂಬರಿನಲ್ಲಿ ಅವರು ಬರೆಯಲು ಕೂತಾಗ ಪೂರ್ವ ಬಂಗಾಳದ ಸುಮಾರು 90 ಲಕ್ಷ ನಿರಾಶ್ರಿತರು ನಮ್ಮ ದೇಶದೊಳಗೆ ಬಂದಿದ್ದರು, ಅನ್ನ ಔಷಧಿ ಇಲ್ಲದೆ ಸಾಯುತ್ತಿದ್ದರು. ಬ್ರಿಟನ್ ಕೊಟ್ಟ ನೆರವು ಸುಮಾರು ಒಂದೂವರೆ ಕೋಟಿ ಪೌಂಡ್. ಕಾನ್‌ಕಾರ್ಡ್ ವಿಮಾನಕ್ಕೆ ಅದು ಸುರಿದ, ವಾಪಸ್ಸು ಬಾರದ ಹಣ 27 ಕೋಟಿ ಪೌಂಡಿಗೂ ಹೆಚ್ಚು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಸಿಂಗರ್ ಕೇಳಿದರು: ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ ಬಟ್ಟೆ ಕೆಸರಾಗುತ್ತದೆ ಎಂದು ಸುಮ್ಮನಿರುತ್ತೀರಾ? ಇಲ್ಲ ಎಂದಾದರೆ, ಮಗು ಸಾವಿರಾರು ಮೈಲಿ ದೂರದಲ್ಲಿದೆ ಎಂಬುದರಿಂದ ಏನು ವ್ಯತ್ಯಾಸ? ಆಡಂ ಸ್ಮಿತ್‌ನ ಕಿರುಬೆರಳಿನ ಪ್ರಶ್ನೆ ಈ ಬಾರಿ ದುಡ್ಡಿನ ಲೆಕ್ಕವಾಗಿ ಬಂದಿದೆ. ಆ ನಿರಾಶ್ರಿತರು ಓಡಿಬಂದದ್ದು ಪಾಕಿಸ್ತಾನಿ ಸೈನ್ಯದ ಕೊಲೆಗಳಿಗೆ ಹೆದರಿ. ಮಗುವನ್ನು ಕೊಳಕ್ಕೆ ತಳ್ಳಿದವರು ಯಾರು ಎಂದು ಕೇಳದ ದಾನಕ್ಕೆ ಮಿತಿಯಿದೆ ಎಂದು ನಾನು ಸಿಂಗರ್ ಜೊತೆ ವಾದಿಸಬಯಸುತ್ತೇನೆ. ಆದರೆ ನನ್ನ ಆ ವಾದ, ಇವತ್ತು ಕೈಬಿಚ್ಚದಿರಲು ನನಗೆ ನೆಪವಾಗಿಬಿಡುತ್ತದೆ ಎಂಬ ಭಯವೂ ಇದೆ. ಆ ಪ್ರಶ್ನೆ ನನ್ನಲ್ಲಿ ಇನ್ನೂ ಬಗೆಹರಿದಿಲ್ಲ.

ಎಲ್ಲಿಂದ ಓದಲು ಶುರುಮಾಡಬೇಕು ಎಂದು ಮಾತಿಗೆ ಮೊದಲೇ ಒಬ್ಬರು ಕೇಳಿದಿರಿ. ಪ್ಲೇಟೊ ಬರೆದ ಕ್ರಿಟೋ ಸಂವಾದದಿಂದ ಶುರುಮಾಡಿ, ಚಿಕ್ಕದು, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಹೆಂಗಸರ ಅಧೀನ ಸ್ಥಿತಿಯ ಬಗ್ಗೆ ಮಿಲ್ ಬರೆದದ್ದರ ಮೊದಲ ಅಧ್ಯಾಯ. ಕಾಂಟ್‌ನ 1785ರ ಪುಸ್ತಕಕ್ಕೆ ಕೈಹಾಕುವಾಗ ಮೊದಲ ಭಾಗವನ್ನಷ್ಟೇ ಹಿಡಿಯಿರಿ, ಅಂಗಡಿಯವನು ಅಲ್ಲೇ ಸಿಗುತ್ತಾನೆ. ಎರಡನೆಯ ಭಾಗ ಗಟ್ಟಿ, ಅದನ್ನು ಒಬ್ಬರೇ ಓದಬೇಡಿ. ನಾಲ್ಕೈದು ಜನ ಸೇರುವುದಾದರೆ ಭಾನುವಾರ ಬೆಳಿಗ್ಗೆ ಇದೇ ಗ್ರಂಥಾಲಯಕ್ಕೆ ಬನ್ನಿ, ನಾನೂ ಬರುತ್ತೇನೆ, ಸಾಲು ಸಾಲಾಗಿ ಓದೋಣ.